ಬೈಸಿಕೊಳ್ಳುವ ಕೆಲಸ

ದಕ್ಷಿಣ ಕಡಲಿನ ದ್ವೀಪವೊಂದರ ಪಾಂಗಾಯ್ ಊರಿನಲ್ಲಿ, ಕೆಲೆಪಿಯ ಬೇಕರಿಯಲ್ಲಿ ಒಂಬತ್ತು ವರ್ಷ ಬ್ರೆಡ್ಡು ಹೊಂಬಣ್ಣಕ್ಕೆ ಬೇಯುತ್ತಿತ್ತು. ಹತ್ತನೆಯ ವರ್ಷದ ಸೆಪ್ಟೆಂಬರಿನಲ್ಲಿ ಅದು ಕಪ್ಪಗಾಯಿತು. ಯಾರ ಕೈಯಿಂದ ಕಪ್ಪಗಾಯಿತು ಎಂಬುದು ಬಂದರಿನಿಂದ ಚರ್ಚಿನವರೆಗೆ ಯೋಚಿಸುವ ಮನಸ್ಸಿದ್ದವರಿಗೆಲ್ಲ ಗೊತ್ತಿತ್ತು. ಏನು ಮಾಡಿದರೂ ಗೊತ್ತಾಗದವನು ಒಬ್ಬನೇ, ಅವನೇ ಸುಟ್ಟವನು.

ಆ ಒಂಬತ್ತು ವರ್ಷವೂ ಒಲೆಯ ಮುಂದೆ ನಿಂತವಳು ಲೋಸಾ. ಐವತ್ತು ದಾಟಿದ, ಅಗಲ ಭುಜದ, ಮಾತು ಕಡಿಮೆಯ ಹೆಂಗಸು. ಅವಳದು ಈ ಸೀಮೆಯಲ್ಲ. ಉತ್ತರದಲ್ಲಿ, ಹಡಗಿಗೆ ಮನಸ್ಸು ಬಂದಾಗ ಮಾತ್ರ ಹೋಗುವ ನಿಯುವಾಫೊ ಎಂಬ ಜ್ವಾಲಾಮುಖಿ ದ್ವೀಪದಿಂದ ಒಬ್ಬ ನರ್ಸಮ್ಮನ ಮನೆಗೆಲಸಕ್ಕೆಂದು ಬಂದಿದ್ದಳು. ನರ್ಸಮ್ಮನಿಗೆ ಬೇರೆ ಕಡೆಗೆ ವರ್ಗವಾಯಿತು. ಲೋಸಾ ಮಾತ್ರ ಬರುವಾಗ ಹಡಗಿನಲ್ಲಿ ವಾಂತಿ ಮಾಡುತ್ತ ಕಳೆದ ಮೂರು ದಿನಗಳನ್ನು ನೆನೆದು, ದೇವರು ಇಳಿಸಿದ ಕಡೆಯೇ ಇರುತ್ತೇನೆ ಎಂದು ಉಳಿದುಬಿಟ್ಟಳು. ಚರ್ಚಿನ ಜಾಗದ ಮೂಲೆಯಲ್ಲಿ, ಪಾದ್ರಿಗಳ ಒಂದು ಮಾತಿನ ಮೇಲೆ ನಿಂತ ತಗಡಿನ ಕೋಣೆ ಅವಳ ಮನೆ. ಈ ದ್ವೀಪದಲ್ಲಿ ಅವಳಿಗೆ ಅಣ್ಣನಿಲ್ಲ, ಅತ್ತೆಯಿಲ್ಲ. ಸತ್ತರೆ ಹೆಣದ ತಲೆಯ ಹತ್ತಿರ ಕೂರುವ ಹಕ್ಕು ಯಾರದು ಎಂದು ಜಗಳವಾಡುವವರೂ ಇಲ್ಲ. ಇದ್ದದ್ದು ಒಂದು ಹೆಸರು. ‘ಲೋಸಾ ಬ್ರೆಡ್ಡು ಕೆಡಿಸಲ್ಲ’ ಎಂಬ ಹೆಸರು. ಅವಳ ಊಟವೂ ಕೋಣೆಯೂ ಅದರ ಮೇಲೆಯೇ ನಿಂತಿದ್ದವು.

ಅವಳನ್ನು ಕೆಲಸಕ್ಕೆ ಆರಿಸಿದವಳು ಕೆಲೆಪಿಯ ಹೆಂಡತಿ ಲೆಸಿಯೇಲಿ. ಬೇಕರಿ ಶುರುವಾದ ಹೊಸದರಲ್ಲಿ ಕೆಲೆಪಿ ತನ್ನ ಚಿಕ್ಕಪ್ಪನ ಮಕ್ಕಳಿಬ್ಬರನ್ನು ಇಟ್ಟುಕೊಂಡಿದ್ದ. ಒಲೆಯಿಂದ ಬ್ರೆಡ್ಡು ಹೊರಬರುವ ಹೊತ್ತಿಗೆ ಸರಿಯಾಗಿ ಅವರ ಹೆಂಡಂದಿರು, ಹೆಂಡಂದಿರ ತಂಗಿಯರು, ತಂಗಿಯರ ಮಕ್ಕಳು ಹಿಂಬಾಗಿಲಿಗೆ ಬಂದು ಕುಶಲ ವಿಚಾರಿಸುತ್ತಿದ್ದರು. ಕುಶಲ ವಿಚಾರಿಸಿದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಮುಂಬಾಗಿಲಿನ ಗಿರಾಕಿಗಳಿಗೆ ಉಳಿಯುತ್ತಿದ್ದದ್ದು ಪರಿಮಳ ಮಾತ್ರ. “ನೆಂಟರೇ ಇಲ್ಲದ ಒಂದು ಜೀವ ಹುಡುಕಿ ಕೊಡು ಕರ್ತನೇ” ಎಂದು ಲೆಸಿಯೇಲಿ ಪ್ರಾರ್ಥಿಸಿದಳಂತೆ. ಕರ್ತನು ಲೋಸಾಳನ್ನು ಕೊಟ್ಟ.

ಲೋಸಾ ಒಲೆಯ ಬಿಸಿಯನ್ನು ಕೀರ್ತನೆಯಿಂದ ಅಳೆಯುತ್ತಿದ್ದಳು. ತೆಂಗಿನ ಸಿಪ್ಪೆ ಉರಿದು ಕೆಂಡವನ್ನು ಬದಿಗೆ ಎಳೆದ ಮೇಲೆ ಒಲೆಯೊಳಗಿನ ಕಲ್ಲಿನ ಮೇಲೆ ಒಂದು ಚಿಟಿಕೆ ಹಿಟ್ಟು ಎರಚಿ ಹಾಡತೊಡಗುವಳು. ಎರಡನೆಯ ಚರಣ ಮುಗಿಯುವಾಗ ಹಿಟ್ಟು ಕಂದಿದರೆ ಬಿಸಿ ಹದವಾಗಿದೆ. ಮೊದಲ ಚರಣಕ್ಕೇ ಕಂದಿದರೆ ಬಾಗಿಲು ತೆರೆದಿಟ್ಟು ಕಾಯಬೇಕು. ಭಾನುವಾರ ನಾಡೆಲ್ಲ ಅಂಗಡಿ ಮುಚ್ಚಿ ಕೂತಿರುವಾಗ ಬೇಕರಿಗೆ ಮಾತ್ರ ಅಪ್ಪಣೆಯಿತ್ತು. ಮಧ್ಯಾಹ್ನ ಉಮು ಎಂಬ ನೆಲಗುಂಡಿಯ ಒಲೆಯಲ್ಲಿ ಬೆಂದದ್ದನ್ನು ತಿಂದು, ಮಲಗಿ ಎದ್ದ ಊರು ನಾಲ್ಕು ಗಂಟೆಗೆ ಬ್ರೆಡ್ಡಿಗೆ ಸಾಲು ನಿಲ್ಲುತ್ತಿತ್ತು. ಭಾನುವಾರ ಮೈಮುರಿದು ದುಡಿಯುವುದು ಪಾಪವೇ ಎಂದು ಲೋಸಾ ಒಮ್ಮೆ ಪಾದ್ರಿಗಳನ್ನು ಕೇಳಿದ್ದಳು. “ಹಾಡ್ಕೊಂಡು ಮಾಡಿದ್ರೆ ಪಾಪ ಅಲ್ಲಮ್ಮ” ಎಂದಿದ್ದರು ಪಾದ್ರಿಗಳು. ಅವರೂ ಬ್ರೆಡ್ಡು ತಿನ್ನುವವರೇ.

ಹೀಗಿರುವಾಗ ಒಂದು ಬುಧವಾರ ಕೆಲೆಪಿಯ ಅಕ್ಕ ಅಕನೇಸಿ ಬೇಕರಿಗೆ ಬಂದಳು. ಅಕ್ಕ ಒಳಗೆ ಬಂದರೆ ತಮ್ಮ ಹೊರಗೆ ಹೋಗಬೇಕು. ಒಡಹುಟ್ಟಿದ ಗಂಡು ಹೆಣ್ಣು ಒಂದೇ ಕೋಣೆಯಲ್ಲಿ ಕೂತು ಹರಟುವುದು ಮರ್ಯಾದಸ್ಥರ ರೀತಿಯಲ್ಲ. ಮರ್ಯಾದೆಗೆಂದು ಅವಳು ಉಡುಪಿನ ಮೇಲೆ ಸೊಂಟಕ್ಕೆ ಸುತ್ತಿದ್ದ ಚಾಪೆ ಬಾಗಿಲಲ್ಲಿ ಕಂಡದ್ದೇ ಕೆಲೆಪಿ ಹಿಟ್ಟಿನ ಕೈಯಲ್ಲೇ ಹಿಂಬಾಗಿಲಿನಿಂದ ಜಾರಿ, ಹೊರಗೆ ತಗಡಿನ ಗೋಡೆಗೆ ಕಿವಿಯಿಟ್ಟು ನಿಂತ.

“ಲೆಸಿಯೇಲಿ, ಸೋಮವಾರದಿಂದ ಲೊಪೆಟಿ ಇಲ್ಲಿಗೆ ಬರ್ತಾನೆ” ಎಂದಳು ಅಕನೇಸಿ.

“ಬರ್ಲಿ ಅತ್ತಿಗೆ. ಅವನದೇ ಬೇಕರಿ.”

“ಮನೇಲಿ ಕೂತು ಗಿಟಾರು ಬಾರಿಸಿ ಬಾರಿಸಿ ನಾಲ್ಕು ತಂತಿ ಕಿತ್ತುಹಾಕಿದಾನೆ. ಇನ್ನೆರಡು ಉಳ್ಕೊಂಡಿದೆ. ಅದು ಹೋಗೋಷ್ಟರಲ್ಲಿ ಒಂದು ಕೆಲಸ ಕಲೀಲಿ.”

ಅವಳು ಕೇಳಲು ಬಂದಿರಲಿಲ್ಲ, ತಿಳಿಸಲು ಬಂದಿದ್ದಳು. ಅಕ್ಕನ ಮಗ ಎಂದರೆ ಮಾವನ ಮನೆಗೆ ಫಾಹು. ಅವನು ಮಾವನ ತಟ್ಟೆಯ ಮೀನನ್ನು ಎತ್ತಿಕೊಂಡರೆ ಮಾವ ‘ಮುಳ್ಳು ನೋಡ್ಕೊಂಡು ತಿನ್ನಪ್ಪ’ ಎನ್ನಬೇಕು. ಮಾವನ ಹಂದಿಯನ್ನು ಹೊಡೆದುಕೊಂಡು ಹೋದರೆ ಹಗ್ಗವನ್ನೂ ಕೊಟ್ಟು ಕಳಿಸಬೇಕು. ಫಾಹುವಿಗೆ ‘ಬೇಡ’ ಎನ್ನುವ ಮಾತು ಮಾವನ ಬಾಯಲ್ಲಿ ಹುಟ್ಟಲೇಬಾರದು. ಹಿರಿಯರು ಮಾಡಿಟ್ಟ ಈ ಕಟ್ಟಳೆಯಲ್ಲಿ ಅಕ್ಕತಂಗಿಯರ ಮೇಲಿನ ಗೌರವವಿದೆ, ಚೆಲುವಿದೆ. ಆದರೆ ಹಿರಿಯರು ಅದನ್ನು ಮಾಡುವಾಗ ಬೇಕರಿ ಇರಲಿಲ್ಲ.

ಲೊಪೆಟಿಗೆ ಇಪ್ಪತ್ತಾರು ವರ್ಷ. ನೋಡಲು ಚೆನ್ನಾಗಿದ್ದ, ಚರ್ಚಿನಲ್ಲಿ ಮಂದ್ರದಲ್ಲಿ ಹಾಡುತ್ತಿದ್ದ. ಕೆಟ್ಟವನಲ್ಲ, ಕೆಟ್ಟವನಾಗುವುದಕ್ಕೂ ಸ್ವಲ್ಪ ದುಡಿಮೆ ಬೇಕಾಗುತ್ತದೆ. ಬೇಕರಿಯನ್ನೆಲ್ಲ ಒಂದು ಸುತ್ತು ನೋಡಿದ ಮೇಲೆ ಒಲೆಯ ಪಕ್ಕ ಇದ್ದ ಮಣೆ ಅವನಿಗೆ ಹಿಡಿಸಿತು. “ನಾನು ಒಲೆ ನೋಡ್ಕೋತೀನಿ ಮಾವ” ಎಂದ. “ನೋಡ್ಕೋಪ್ಪ” ಎಂದ ಕೆಲೆಪಿ. ಒಂಬತ್ತು ವರ್ಷ ಅದನ್ನು ನೋಡಿಕೊಂಡವಳು ನಾದುವ ತೊಟ್ಟಿಯ ಕಡೆಗೆ ಸರಿದು ನಿಂತಳು.

ಲೊಪೆಟಿಗೆ ಬೆಂಕಿ ಎಂದರೆ ಇಷ್ಟ, ಕಾಯುವುದು ಎಂದರೆ ಆಗದು. ಒಲೆ ಬೊಬ್ಬಿಡುವಷ್ಟು ಸಿಪ್ಪೆ ತುಂಬುವನು, ಕೆಂಡ ಎಳೆದ ಕೂಡಲೇ ಬ್ರೆಡ್ಡಿನ ಡಬ್ಬಿಗಳನ್ನು ತಳ್ಳುವನು, ಬಾಗಿಲು ಮುಚ್ಚಿ ಮಣೆಯ ಮೇಲೆ ಕೂತು ಗೋಡೆಗೆ ಒರಗುವನು. ಮೂರನೆಯ ದಿನವೇ ಇಡೀ ಒಲೆ ಬ್ರೆಡ್ಡು ಮಡಕೆಯ ತಳದ ಹಾಗೆ ಹೊರಬಂತು.

ಕೆಲೆಪಿ ಬಂದ. ಒಂದು ಕರಿಯ ಬ್ರೆಡ್ಡು ಎತ್ತಿದ. ಮಣೆಯ ಮೇಲಿದ್ದ ಅಳಿಯನ ಕಡೆ ನೋಡಿ ಬಾಯಿ ತೆರೆದ. ಹಾಗೆಯೇ ಮುಚ್ಚಿದ. ಆಮೇಲೆ ಮೆಲ್ಲಗೆ, ಹಾಯಿದೋಣಿ ದಿಕ್ಕು ಬದಲಿಸುವ ಹಾಗೆ, ಇಡೀ ಮೈಯನ್ನು ತೊಟ್ಟಿಯ ಕಡೆಗೆ ತಿರುಗಿಸಿದ.

“ಲೋಸಾ! ಕಣ್ಣು ಎಲ್ಲಿಟ್ಕೊಂಡಿದ್ದೆ? ಇದು ಬ್ರೆಡ್ಡಾ, ಇದ್ದಿಲಾ? ಒಲೆ ಆರೋವರೆಗೂ ಕಾಯೋಕೆ ನಿಂಗೇನು ರೋಗ?”

ಮೊಣಕೈವರೆಗೆ ಹಿಟ್ಟಿನಲ್ಲಿದ್ದ ಲೋಸಾ, ಆ ಹೆಸರಿನವರು ಇನ್ನಾರಾದರೂ ನಿಂತಿದ್ದಾರೆಯೇ ಎಂದು ಹಿಂದೆ ತಿರುಗಿ ನೋಡಿದಳು.

ಅಂದು ಮಧ್ಯಾಹ್ನ ಲೆಸಿಯೇಲಿ ಅವಳನ್ನು ತೆಂಗಿನ ನೆರಳಿಗೆ ಕರೆದಳು. “ಅದು ನಿಂಗಲ್ಲ ಕಣೇ, ಅವನಿಗೆ. ಫಾಹುಗೆ ಮುಖದ ಮೇಲೆ ಹೇಳೋಕಾಗುತ್ತಾ? ನಿನ್ನ ಮೇಲೆ ಹಾಯ್ಸಿ ಅವನಿಗೆ ಮುಟ್ಟಿಸೋದು.”

“ಮುಟ್ಟುತ್ತಾ?”

“ಮುಟ್ಟದೇ ಏನು? ದಡ್ಡನೇನಲ್ಲ. ನಾಲ್ಕು ದಿನ ಸಹಿಸ್ಕೋ. ನೀನು ನಮ್ಮವಳು ಅಂತ್ಲೇ ಬೈಯೋದು. ಹೊರಗಿನವರನ್ನ ಯಾರಾದ್ರೂ ಹಾಗೆ ಬೈತಾರಾ?”

ಆ ಒಂದು ಮಾತಿಗೆ ಲೋಸಾ ಸೋತಳು. ನಮ್ಮವಳು! ಹತ್ತು ವರ್ಷದಲ್ಲಿ ಈ ದ್ವೀಪದಲ್ಲಿ ಅವಳಿಗೆ ಯಾರೂ ಅಂದಿರದ ಮಾತು. ಅಂದು ಸಂಜೆ ಅವಳು ಮಂಡಿಯೂರಿ ದೇವರಿಗೆ ವಂದನೆ ಸಲ್ಲಿಸಿದಳು ಕೂಡ. ಮುಂದೆ ಅವಳು ಕೆಲೆಪಿಯನ್ನು ಎಷ್ಟು ಹೀನವಾಗಿ ಕಂಡಳೋ, ಆ ಸಂಜೆ ಹಲ್ಲುಕಿರಿದುಕೊಂಡು ವಂದನೆ ಹೇಳಿದ ತನ್ನನ್ನೂ ಅಷ್ಟೇ ಹೀನವಾಗಿ ಕಂಡಳು.

ನಾಲ್ಕು ದಿನ ನಾಲ್ಕು ವಾರವಾಯಿತು, ತಿಂಗಳುಗಳಾದವು. ಕೆಲೆಪಿ ಹುಟ್ಟಿನಿಂದ ಮೆತ್ತನೆಯ ಮನುಷ್ಯ. ಅಕ್ಕನ ಮುಂದೆ ತಲೆಯೆತ್ತಿದವನಲ್ಲ, ಊರ ಗೌಡನ ಮುಂದೆ, ಪಾದ್ರಿಗಳ ಮುಂದೆ, ಹಂದಿ ಕದ್ದವನ ಮುಂದೆಯೂ ಸ್ವರವೆತ್ತಿದವನಲ್ಲ. ಐವತ್ತೈದು ವರ್ಷ ನುಂಗಿಕೊಂಡದ್ದಕ್ಕೆಲ್ಲ ಈಗ ಒಂದು ದಾರಿ ಸಿಕ್ಕಿತು. ಮೊದಮೊದಲು ಬೈಯುವಾಗ ಕಣ್ಣಿನಲ್ಲೇ ಕ್ಷಮೆ ಕೇಳುತ್ತಿದ್ದ. ಆಮೇಲೆ ಅದು ನಿಂತಿತು. ಆಮೇಲೆ ಬೈಗುಳಕ್ಕೆ ರುಚಿ ಹತ್ತಿತು. ಗಿರಾಕಿಗಳು ಸಾಲಾಗಿ ನಿಂತಾಗ ಸ್ವರ ಇನ್ನಷ್ಟು ಏರುತ್ತಿತ್ತು. “ಜ್ವಾಲಾಮುಖಿ ದ್ವೀಪದೋಳಲ್ವಾ, ಸುಡೋದು ಬಿಟ್ಟು ಇನ್ನೇನು ಗೊತ್ತು!” ಎಂದು ಒಂದು ಭಾನುವಾರ ಅಂದ. ಸಾಲಿನಲ್ಲಿದ್ದವರು ನಕ್ಕರು. ಕೆಲೆಪಿಗೆ ತಾನು ಹಾಸ್ಯಗಾರನೂ ಹೌದು ಎಂದು ಅಂದು ತಿಳಿಯಿತು.

ಇನ್ನು, ಈ ಬೈಗುಳ ಮುಟ್ಟಬೇಕಾದವನಿಗೆ ಮುಟ್ಟಿತೇ ಎಂದರೆ, ಮುಟ್ಟಿತು. ಆದರೆ ಅದರ ಜೊತೆ ಸುತ್ತಿಕೊಂಡಿದ್ದ ವಿಳಾಸವೂ ಮುಟ್ಟಿತು. ಲೊಪೆಟಿ ಸರಳ ಮನುಷ್ಯ. ಮಾವ ದಿನವೂ ಲೋಸಾ ಸುಟ್ಟಳು ಎನ್ನುತ್ತಾರೆ; ಹಾಗಾದರೆ ಲೋಸಾ ಸುಟ್ಟಳು. ಅವನಿಗೆ ಅವಳ ಮೇಲೆ ಕನಿಕರ ಹುಟ್ಟಿತು.

“ಬೇಜಾರು ಮಾಡ್ಕೋಬೇಡ ಲೋಸಾ” ಎಂದ ಒಂದು ದಿನ, ಬಾಳೆಹಣ್ಣು ಸುಲಿಯುತ್ತ. “ವಯಸ್ಸಾಯ್ತು ನಿಂಗೆ. ನಾದೋವಾಗ ಎಲ್ಲೋ ತಪ್ಪು ಮಾಡ್ತಿದೀಯ.”

ತಮಾಷೆಯೇ ಎಂದು ಲೋಸಾ ಅವನ ಮುಖ ನೋಡಿದಳು. ಅಲ್ಲ. “ಒಲೆ ಹತ್ರ ಇರೋನು ನೀನು” ಎಂದಳು.

“ಅದನ್ನೇ ಹೇಳ್ತಿರೋದು. ನಾನು ಹತ್ತಿರದಿಂದ ನೋಡ್ತೀನಲ್ಲ! ನೀನು ಕೊಡೋ ಹಿಟ್ಟು ಒಳಗೆ ಹೋಗಿದ್ದೇ ಕಪ್ಪಾಗುತ್ತೆ.”

“ನೀನು ಒಲೆ ಆರೋಕೆ ಬಿಡಲ್ಲ, ಅದಕ್ಕೇ ಸುಡುತ್ತೆ. ಸುಡ್ತಿರೋನು ನೀನು ಲೊಪೆಟಿ.”

“ನಾನಾ?” ಅವನು ನಕ್ಕ. “ಹಾಗಾದ್ರೆ ಮಾವ ನಿನ್ನ ಯಾಕೆ ಬೈತಾರೆ? ಮಾವ ಸುಳ್ಳು ಹೇಳ್ತಾರಾ?”

ಹತ್ತು ಹೆಜ್ಜೆ ಆಚೆ ಕೆಲೆಪಿ ಗುಡಿಸುತ್ತಿದ್ದ. ಲೋಸಾ ಅವನ ಕಡೆ ನೋಡಿದಳು. ಅವನು ಆಗಲೇ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದ, ಇನ್ನೊಮ್ಮೆ ಗುಡಿಸಿದ. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ನೆಲದಲ್ಲಿ ಹೊಂಡವೇ ಬೀಳುತ್ತಿತ್ತು. ತಲೆ ಮಾತ್ರ ಎತ್ತಲಿಲ್ಲ.

ಕ್ರಿಸ್‌ಮಸ್ಸಿಗೆ ಹತ್ತು ದಿನವಿರುವಾಗ ಅಕನೇಸಿ ಮತ್ತೆ ಬಂದಳು. ಕೆಲೆಪಿ ಮತ್ತೆ ಹಿಂಬಾಗಿಲಿನಿಂದ ಹೊರಗೆ.

“ಆ ಹೊರಗಿನೋಳು ಬ್ರೆಡ್ಡು ಕೆಡಿಸ್ತಿದಾಳಂತೆ” ಎಂದಳು ಅಕನೇಸಿ ಲೆಸಿಯೇಲಿಗೆ. ಹೊರಗಿನವಳು ಎರಡು ಮೊಳ ದೂರದಲ್ಲಿ ನಿಂತಿದ್ದಳು. “ಲೊಪೆಟಿ ಹೇಳಿ ಹೇಳಿ ಸಾಕಾದ. ನನ್ನ ತಮ್ಮನ ಬ್ರೆಡ್ಡು ನೋಡಿ ಊರು ನಗ್ತಿದೆ. ಅವಳನ್ನ ಕಳಿಸು. ನನ್ನ ಮಗಳು ಬರ್ತಾಳೆ.”

ಗಂಡನ ಅಕ್ಕನ ಎದುರು ಸೊಸೆಯಾಗಿ ಬಂದವಳ ಸ್ಥಾನ ಒಲೆಯ ಸಿಪ್ಪೆಗಿಂತ ಕೆಳಗೆ. ಲೆಸಿಯೇಲಿ ತಗಡಿನ ಗೋಡೆಯ ಕಡೆ ನೋಡಿದಳು. ಲೋಸಾಳೂ ನೋಡಿದಳು. ತಗಡು ನೆಲಕ್ಕೆ ಒಂದು ಗೇಣು ಮೇಲೆ ನಿಂತಿತ್ತು. ಅದರ ಕೆಳಗೆ ಕೆಲೆಪಿಯ ಹಿಟ್ಟು ಮೆತ್ತಿದ ಪಾದಗಳು ಕಾಣುತ್ತಿದ್ದವು.

“ಅಮ್ಮಾ, ಬ್ರೆಡ್ಡು ಸುಟ್ಟೋಳು ನಾನಲ್ಲ” ಎಂದಳು ಲೋಸಾ.

“ಹಾಗಾದ್ರೆ ಇಷ್ಟು ತಿಂಗಳು ನನ್ನ ತಮ್ಮ ಸುಮ್‌ಸುಮ್ನೆ ಕೂಗಾಡಿದ್ನಾ? ಅವನ ಬಾಯಲ್ಲೇ ಬರ್ಲಿ ಅದು.”

ಪಾದಗಳು ಅಲುಗಿದವು. ಬಲಗಾಲು ಬಾಗಿಲಿನ ಕಡೆಗೆ ತಿರುಗಿತು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಹಾಗೆಯೇ ನಿಂತಿತು. ಆಮೇಲೆ ಎರಡೂ ಕಾಲುಗಳು ತೆಂಗಿನ ತೋಪಿನ ಕಡೆಗೆ ತಿರುಗಿ, ಸದ್ದಾಗದ ಹಾಗೆ, ಬೆರಳ ತುದಿಯಲ್ಲಿ ನಡೆದುಹೋದವು.

ಲೋಸಾ ಕೈ ತೊಳೆದುಕೊಂಡು ಹೊರಟಳು.

ಅಂದಿನಿಂದ ಅವಳಿಗೆ ಗೊತ್ತಾಯಿತು, ಹೆಸರು ಎಷ್ಟು ಬೇಗ ಕರಕಲಾಗುತ್ತದೆ ಎಂದು. ಬಂದರಿನ ಚಹಾದಂಗಡಿಯಲ್ಲಿ ಕೆಲಸ ಕೇಳಿದಳು. “ನಿನ್ನ ಮೇಲೆ ಏನೂ ಇಲ್ಲ ಲೋಸಾ. ಆದ್ರೆ ಯಜಮಾನನೇ ದಿನಾ ಬೈತಿದ್ನಲ್ಲ, ನಾವೇ ಕಿವಿಯಾರೆ ಕೇಳಿದೀವಲ್ಲ” ಎಂದಳು ಅಂಗಡಿಯವಳು. ಪ್ರವಾಸಿಗಳು ಇಳಿಯುವ ಮನೆಯಲ್ಲಿಯೂ ಅದೇ ಮಾತು. ಯೋಚಿಸಿದರೆ ಎಲ್ಲರಿಗೂ ನಿಜ ಗೊತ್ತು. ಆದರೆ ಯೋಚಿಸುವ ಶ್ರಮಕ್ಕಿಂತ ಕೇಳಿದ್ದನ್ನು ನಂಬುವುದು ಸುಲಭ. ಚರ್ಚಿನ ಮೇಲ್ವಿಚಾರಕ ಬಂದು ಕೋಣೆಯ ಬಾಗಿಲಲ್ಲಿ ನಿಂತು, ಉತ್ತರಕ್ಕೆ ಹೋಗುವ ಹಡಗು ಜನವರಿ ಕೊನೆಗೆ ಇದೆಯಂತೆ ಎಂದು, ಕೇಳದೇ ಇದ್ದ ವಿಷಯವನ್ನು ಹೇಳಿಹೋದ.

ಹಬ್ಬ ಕಳೆದು ಮೂರು ದಿನಕ್ಕೆ ಕೆಲೆಪಿ ಬಂದ. ನಡುಮಧ್ಯಾಹ್ನ, ಊರು ಮಲಗಿದ್ದಾಗ. ಬಾಗಿಲ ಬಳಿ ಕುಕ್ಕರುಗಾಲಿನಲ್ಲಿ ಕೂತ. ಕೈಯಲ್ಲಿ ಗೆಣಸಿನ ಬುಟ್ಟಿ.

“ಲೋಸಾ, ವಾಪಸ್ ಬಾ.”

“ನಿಮ್ಮಕ್ಕ ಒಪ್ಪಿದ್ರಾ?”

“ಅಕ್ಕನಿಗೆ ಗೊತ್ತಿಲ್ಲ. ನೀನು ಹಿಟ್ಟು ಮುಟ್ಟೋದು ಬೇಡ, ಒಲೆ ಮುಟ್ಟೋದು ಬೇಡ. ಬಂದು ಆ ಮೂಲೇಲಿ ಸುಮ್ನೆ ಕೂತಿರು, ಸಾಕು.” ಅವನ ಸ್ವರ ಅಳುವ ಹಾಗಿತ್ತು. “ಬ್ರೆಡ್ಡು ಮೊದಲಿಗಿಂತ ಕಪ್ಪಾಗ್ತಿದೆ. ಅಕ್ಕನ ಮಗಳೂ ಫಾಹು, ಮಗನೂ ಫಾಹು. ನಾನು ಯಾರಿಗೆ ಅಂತ ಹೇಳ್ಲಿ? ಮೊನ್ನೆ ಹಂದಿಗೆ ಬೈದೆ. ಹಂದಿ ಎದ್ದು ಹೋಯ್ತು.”

ಲೋಸಾ ಅವನನ್ನು ನೋಡಿದಳು. ಸಿಟ್ಟು ಬರಬಹುದೆಂದು ಕಾದಳು. ಬರಲಿಲ್ಲ. ಸಿಟ್ಟು ಬರಬೇಕಾದರೆ ಎದುರಿಗೆ ಒಬ್ಬ ಮನುಷ್ಯ ಇರಬೇಕು. ಇಲ್ಲಿ ಕೂತದ್ದು ನೆನೆದ ಬ್ರೆಡ್ಡಿನಂಥ ಏನೋ ಒಂದು.

“ಯಜಮಾನ್ರೇ, ಒಂದೇ ಒಂದು ಸಲ ಹೇಳಿ, ಸುಟ್ಟೋಳು ಲೋಸಾ ಅಲ್ಲ ಅಂತ. ಅಕ್ಕನಿಗೆ ಹೇಳ್ಬೇಡಿ, ಅಳಿಯನಿಗೆ ಹೇಳ್ಬೇಡಿ. ದೇವರಿಗೆ ಹೇಳಿ. ಮುಂದಿನ ವಾರ ಪ್ರಾರ್ಥನೆ ವಾರ, ಬುಧವಾರದ ಸರದಿ ನಿಮ್ಮದು. ಊರು ಕೇಳಿಸ್ಕೊಂಡ್ರೆ ಕೇಳಿಸ್ಕೊಳ್ಳುತ್ತೆ. ದೇವರೇನು ನಿಮಗೆ ಫಾಹು ಅಲ್ವಲ್ಲ?”

ಕೆಲೆಪಿಯ ಮುಖ ಅರಳಿತು. “ಅದು ಆಗುತ್ತೆ! ದೇವರಿಗಾದ್ರೆ ಹೇಳ್ಬಹುದು!” ಬುಟ್ಟಿಯನ್ನು ಇಟ್ಟು, ಹಗುರಾಗಿ ಎದ್ದು ಹೋದ. ಗೆಣಸನ್ನು ಲೋಸಾ ಕೋಳಿಗಳಿಗೆ ಹಾಕಿದಳು.

ಹೊಸ ವರ್ಷದ ಪ್ರಾರ್ಥನಾ ವಾರದಲ್ಲಿ ಊರಿನವರೆಲ್ಲ ದಿನಕ್ಕೆರಡು ಸಲ ಚರ್ಚಿಗೆ ಹೋಗುತ್ತಾರೆ. ಸರದಿಯವನು ಮೊದಲು ಪ್ರಾರ್ಥಿಸಬೇಕು. ಆಮೇಲೆ ಮನಸ್ಸು ಬಂದವರು ನಿಂತು ಪ್ರಾರ್ಥಿಸಬಹುದು. ಬುಧವಾರದ ಮಧ್ಯಾಹ್ನ ಬೀಸಣಿಗೆಗಳ ಸದ್ದಿನ ನಡುವೆ ಕೆಲೆಪಿ ಎದ್ದು ನಿಂತ. ಮುಂದಿನ ಸಾಲಿನಲ್ಲಿ ಅಕನೇಸಿ, ಗಾಯಕರ ನಡುವೆ ಲೊಪೆಟಿ, ಹಿಂದಿನ ಕೊನೆಯ ಬೆಂಚಿನಲ್ಲಿ ಲೋಸಾ.

ಕೆಲೆಪಿ ರಾಜನಿಗಾಗಿ ಪ್ರಾರ್ಥಿಸಿದ. ಮಂತ್ರಿಗಳಿಗಾಗಿ, ಕಡಲಿನಲ್ಲಿರುವವರಿಗಾಗಿ, ಆಕ್ಲೆಂಡಿಗೆ ದುಡಿಯಲು ಹೋದವರಿಗಾಗಿ, ಗೆಣಸಿನ ಬಳ್ಳಿಗಳಿಗಾಗಿ, ರೋಗಿಗಳಿಗಾಗಿ, ವಿಧವೆಯರಿಗಾಗಿ ಪ್ರಾರ್ಥಿಸಿದ. ಬೆವರು ಇಳಿಯಿತು. ವಿಧವೆಯರು ಮುಗಿದರೂ ನಿಲ್ಲಿಸದೆ ಅನಾಥರಿಗೆ ಹೋದ. ಅನಾಥರೂ ಮುಗಿದರು. ಅವನು ಕಣ್ಣು ತೆರೆದು ಅಕ್ಕನ ಬೆನ್ನನ್ನು ನೋಡಿದ, ಮತ್ತೆ ಬಿಗಿಯಾಗಿ ಮುಚ್ಚಿಕೊಂಡ.

“ಕರ್ತನೇ” ಎಂದ, “ಬ್ರೆಡ್ಡಿನ ವಿಷಯವೂ ಇದೆ. ಬ್ರೆಡ್ಡು ಸುಟ್ಟೋರು ಯಾರು ಅಂತ... ನೀನು ಎಲ್ಲಾ ಬಲ್ಲವನು. ನಿಂಗೆ ಗೊತ್ತು. ನಾನು ಬೇರೆ ಹೇಳೋದೇನಿದೆ? ಆಮೆನ್.”

ಕೂತುಬಿಟ್ಟ. ಭಾರ ಇಳಿಸಿದವನ ಹಾಗೆ ಮುಖ ಒರೆಸಿಕೊಂಡ. ಹಿಂದೆ ತಿರುಗಿ ಲೋಸಾಳನ್ನು ಹುಡುಕಿ, ‘ಹೇಳಿದೆ ನೋಡು’ ಎಂಬಂತೆ ತಲೆಯಾಡಿಸಿದ ಕೂಡ.

ಅದನ್ನು ನೋಡಿ ಲೋಸಾ ಎದ್ದಳು. ಏಳಬೇಕೆಂದು ಅವಳು ನಿರ್ಧರಿಸಿರಲಿಲ್ಲ. ಚರ್ಚಿನಲ್ಲಿ ಹತ್ತು ವರ್ಷದಿಂದ ಬಾಯ್ತೆರೆದು ಪ್ರಾರ್ಥಿಸಿದವಳಲ್ಲ; ಹೊರಗಿನವಳಿಗೆ ಯಾಕೆ ಎಂದು ಮನಸ್ಸಿನಲ್ಲೇ ಮುಗಿಸುತ್ತಿದ್ದವಳು. ಆದರೆ ಆ ತಲೆಯಾಡಿಸುವಿಕೆಯನ್ನು ನುಂಗುವುದು ಆಗಲಿಲ್ಲ.

“ಕರ್ತನೇ, ನಿನಗೆ ಗೊತ್ತು. ನಿನಗೆ ಗೊತ್ತಿರೋದನ್ನ ಇವರಿಗೆ ಹೇಳ್ತೀನಿ, ತಪ್ಪಿದ್ರೆ ಇಲ್ಲೇ ನನ್ನ ಬಾಯಿ ಕಟ್ಟು. ಬ್ರೆಡ್ಡು ಸುಟ್ಟಿದ್ದು ಲೊಪೆಟಿಯ ಕೈ. ಅವನನ್ನ ಕ್ಷಮಿಸು, ಅವನಿಗೆ ಗೊತ್ತಿಲ್ಲ. ಅವನಿಗೆ ಗೊತ್ತಾಗದ ಹಾಗೆ ನೋಡ್ಕೊಂಡಿದ್ದು ಅವನ ಮಾವ. ಅಳಿಯನಿಗೆ ಹೇಳೋ ಮಾತನ್ನ ನನಗೆ ಹೇಳ್ದ, ನಾನು ಅದನ್ನ ಇಸ್ಕೊಂಡು ಸುಮ್ಮನಿದ್ದೆ, ನಮ್ಮವಳು ಅಂದ್ರಲ್ಲ ಅಂತ. ಅದು ನನ್ನ ಪಾಪ. ನನ್ನ ಲೆಕ್ಕಕ್ಕೆ ಹಾಕ್ಕೋ. ಬ್ರೆಡ್ಡನ್ನ ಹಾಕಬೇಡ. ಆಮೆನ್.”

ಬೀಸಣಿಗೆಗಳು ನಿಂತಿದ್ದವು. ಲೋಸಾಳ ಬಾಯಿ ಕಟ್ಟಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದೇ ಕೂತಳು. ಪಾದ್ರಿಗಳ ಹೆಂಡತಿ ಮೊದಲು ಆಮೆನ್ ಎಂದಳು. ಆಮೇಲೆ ಒಂದೊಂದಾಗಿ, ಮಾರಿನ ಮೇಲೆ ಮಾರು ಚಾಪೆ ಬಿಚ್ಚಿದ ಹಾಗೆ, ಚರ್ಚು ಪೂರ್ತಿ ಆಮೆನ್ ಎಂದಿತು. ನಾಲ್ಕು ತಿಂಗಳು ಕರಿಯ ಬ್ರೆಡ್ಡು ತಿಂದವರ ಆಮೆನ್ ಅದು, ಬಹಳ ಗಟ್ಟಿಯಾಗಿತ್ತು. ತಿನ್ನುವಾಗ ಒಬ್ಬರಿಗೂ ಇರದಿದ್ದ ಸ್ವರ ಈಗ ಎಲ್ಲರಿಗೂ ಬಂದಿತ್ತು.

ಹೊರಗೆ ಮಾವಿನ ಮರದ ಕೆಳಗೆ ಲೊಪೆಟಿ ತಾಯಿಯನ್ನು ಕೇಳುತ್ತಿದ್ದ: “ಅಮ್ಮಾ, ನಿಜವಾಗ್ಲೂ ನಾನಾ?”

ಅಕನೇಸಿ ಜನರ ನಡುವೆ ಲೆಸಿಯೇಲಿಯನ್ನು ಹುಡುಕಿ ಮುಂದೆ ನಿಂತಳು. ಹತ್ತು ಹೆಜ್ಜೆ ಆಚೆ ಕೆಲೆಪಿ ಮರದ ಬುಡದಲ್ಲಿ ಕಣ್ಮರೆಯಾಗಲು ನೋಡುತ್ತಿದ್ದ. ಮರ ಸಣ್ಣದು, ಅವನು ದಪ್ಪ.

“ಲೆಸಿಯೇಲಿ, ನಿನ್ನ ಗಂಡನಿಗೆ ಹೇಳು” ಎಂದಳು, ಅವನಿಗೆ ಚೆನ್ನಾಗಿ ಕೇಳುವ ಹಾಗೆ. “ನನ್ನ ಮಗ ಕೆಲಸ ಕೆಡಿಸ್ತಾನೆ ಅಂತ ಒಂದು ಮಾತು ನಿನ್ನ ಕೈಲಿ ಹೇಳಿ ಕಳಿಸಿದ್ರೆ ಸಾಕಿತ್ತು. ಅಂದೇ ಕಿವಿ ಹಿಡಿದು ಮನೆಗೆ ಕರ್ಕೊಂಡು ಹೋಗ್ತಿದ್ದೆ. ನಾನು ಹೆತ್ತಿದ್ದು, ನಂಗೆ ಗೊತ್ತಿಲ್ವಾ ಅದರ ಯೋಗ್ಯತೆ? ಈಗ ನೋಡು, ಹೊರಗಿನೋಳ ಬಾಯಲ್ಲಿ ಕೇಳೋ ಹಾಗಾಯ್ತು. ನನ್ನನ್ನ ಅವನು ಅಕ್ಕ ಅಂತ ತಿಳ್ಕೊಂಡಿದಾನೋ, ಶಾರ್ಕು ಅಂತ ತಿಳ್ಕೊಂಡಿದಾನೋ?”

ಅಷ್ಟು ಹೇಳಿ ಮಗನನ್ನೂ ಮಗಳನ್ನೂ ಮುಂದೆ ಹಾಕಿಕೊಂಡು ನಡೆದಳು. ಲೋಸಾಳ ಪಕ್ಕದಲ್ಲೇ ಹಾದುಹೋದರೂ ಅವಳ ಕಡೆ ತಿರುಗಿ ನೋಡಲಿಲ್ಲ. ಕ್ಷಮೆ ಕೇಳುವಷ್ಟು ಇಳಿಯುವ ಹೆಂಗಸು ಅವಳಲ್ಲ. ಆದರೂ ಆ ದಿನ ಅಲ್ಲಿದ್ದ ನೂರಿನ್ನೂರು ಜನರಲ್ಲಿ ಬೆನ್ನು ನೆಟ್ಟಗೆ ಕಂಡದ್ದು ಅವಳದೊಬ್ಬಳದೇ ಎಂದು ಲೋಸಾಳಿಗೆ ಅನ್ನಿಸಿತು.

ಒಂದು ಮಾತು ಸಾಕಿತ್ತು. ಆ ಒಂದು ಮಾತಿಗೆ ಹೆದರಿ ಆ ಮನುಷ್ಯ ಮೂರು ತಿಂಗಳು ಗಂಟಲು ಹರಿದುಕೊಂಡಿದ್ದ. ಇದನ್ನು ಯೋಚಿಸುತ್ತ ಲೋಸಾ ಕೋಣೆಗೆ ಬಂದಳು. ಮೇಲ್ವಿಚಾರಕ ದಾರಿಯಲ್ಲಿ ಸಿಕ್ಕಿ, ಉತ್ತರದ ಹಡಗು ಈ ಸಲ ಹೊರಡುವುದೇ ಸಂಶಯವಂತೆ ಎಂದು ಹಲ್ಲು ಬಿಟ್ಟ.

ಶುಕ್ರವಾರ ಲೆಸಿಯೇಲಿ ಬಂದಳು. “ಬಾ ಲೋಸಾ. ಒಲೆ ಖಾಲಿ ಇದೆ. ಲೊಪೆಟಿ ಇಲ್ಲ, ಅತ್ತಿಗೆಯ ಮಗಳೂ ಇಲ್ಲ. ಎಲ್ಲ ಮೊದಲಿನ ಹಾಗೇ.”

“ಯಾರು ಕಳಿಸಿದ್ದು ಅಕ್ಕ?”

“ಅವರೇ.”

“ಅವರ ಬಾಯಿ ಎಲ್ಲಿದೆ?”

ಲೆಸಿಯೇಲಿ ಕೊರಳ ಬೆವರು ಒರೆಸಿಕೊಂಡಳು. “ನಿಂಗೊತ್ತಲ್ಲ ಅವರ ಸ್ವಭಾವ.”

“ಗೊತ್ತು. ಅದಕ್ಕೇ ಬರಲ್ಲ. ನಿಮ್ಮ ಮೇಲೆ ನಂಗೆ ಕೋಪ ಇಲ್ಲ ಅಕ್ಕ; ನೀವೂ ಅವರ ಹಾಗೇ ಗೋಡೆ ನೋಡ್ತಾ ನಿಂತಿದ್ರಿ, ಅಷ್ಟೇ. ನಾಳೆ ಇನ್ನೊಬ್ಬ ಫಾಹು ಬರ್ತಾನೆ. ನಿಮ್ಮ ಬಳಗ ದೊಡ್ಡದು. ನೆಂಟರಿಗೆ ಹೇಳೋಕೆ ಬಾಯಿಲ್ಲದೋರು ಹೊರಗಿನೋರನ್ನ ಇಟ್ಕೋಬಾರ್ದು. ಇಟ್ಕೊಂಡ್ರೂ ನಮ್ಮವಳು ಅನ್ಬಾರ್ದು.”

ಲೆಸಿಯೇಲಿ ಅತ್ತಳು. ಲೋಸಾ ಅವಳಿಗೆ ಎಳನೀರು ಕೊಟ್ಟು, ಅತ್ತು ಮುಗಿಯುವವರೆಗೆ ಜೊತೆಗೆ ಕೂತು, ಆಮೇಲೆ ಕಳಿಸಿದಳು.

ಊರಿನ ದಕ್ಷಿಣದ ತುದಿಯಲ್ಲಿ ಹುಡುಗಿಯರ ಶಾಲೆಯ ವಸತಿಗೃಹವಿದೆ. ಅಲ್ಲಿನ ಮುಖ್ಯ ಉಪಾಧ್ಯಾಯಿನಿ ಬುಧವಾರ ಚರ್ಚಿನಲ್ಲಿದ್ದವಳು. ಶಾಲೆ ತೆರೆಯುವ ವಾರ ಲೋಸಾಳನ್ನು ಅಡುಗೆಮನೆಗೆ ಕರೆದಳು. ಮೊದಲ ದಿನ ಲೋಸಾ ಎಪ್ಪತ್ತು ಹುಡುಗಿಯರಿಗೆ ಬ್ರೆಡ್ಡು ಬೇಯಿಸಿದಳು. ಅದು ಹೊಂಬಣ್ಣಕ್ಕೆ ಬಂತು. ಅವಳು ಬಾಗಿಲ ಬಳಿ ನಿಂತು ಹುಡುಗಿಯರು ತಿನ್ನುವುದನ್ನು ನೋಡುತ್ತಿದ್ದಳು.

ಮುಖ್ಯ ಉಪಾಧ್ಯಾಯಿನಿ ಒಂದು ತುಂಡು ಬಾಯಿಗಿಟ್ಟು, ಅಗಿದು, ನೆಟ್ಟಗೆ ಅವಳ ಕಡೆ ತಿರುಗಿದಳು.

“ಲೋಸಾ, ಉಪ್ಪು ಜಾಸ್ತಿಯಾಗಿದೆ. ಏನಮ್ಮ ಇದು, ಕಡಲನ್ನೇ ಸುರಿದ್ಯಾ?”

ಹುಡುಗಿಯರು ಗೊಳ್ಳೆಂದರು. ಲೋಸಾ ಮುಂದೆ ಬಂದು ಒಂದು ತುಂಡು ಮುರಿದು ತಿಂದು ನೋಡಿದಳು. ನಿಜವಾಗಿಯೂ ಜಾಸ್ತಿಯಾಗಿತ್ತು.

“ಹೌದಮ್ಮ” ಎಂದಳು. “ನಾನೇ ಹಾಕಿದ್ದು.”